ಗ್ರಾಫಿಕ್ಸ್ ಕೆಲಸಕ್ಕೆ ಯಾವ ಪ್ರೋಗ್ರಾಮಿಂಗ್ ಭಾಷೆ? ಕರಾವಳಿಯ ಕಲಾವಿದರಿಗೆ ಒಂದು ಮಾರ್ಗದರ್ಶಿ

ಮಂಗಳೂರು, ಉಡುಪಿ ಕಡೆ ಅನಿಮೇಷನ್, ವಿಎಫ್‌ಎಕ್ಸ್, ಡಿಸೈನ್ ಕಲಿಯುವ ಮಕ್ಕಳು ಜಾಸ್ತಿ ಕೇಳುವ ಪ್ರಶ್ನೆ ಇದು: “ಸಿ ಪ್ಲಸ್ ಪ್ಲಸ್ ಕಲಿಯಬೇಕಾ, ಪೈಥಾನ್ ಸಾಕಾ?” ಉತ್ತರ ಉಂಟು. ಆದರೆ ಅದು ನೀವು ದಿನವಿಡೀ ಯಾವ ಸಾಫ್ಟ್‌ವೇರ್ ಮುಂದೆ ಕೂರುತ್ತೀರಿ, ಅದರಲ್ಲಿ ಯಾವ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತೀರಿ ಎಂಬುದರ ಮೇಲೆ ಹೋಗುತ್ತದೆ. ಭಾಷೆಯನ್ನು ಮೊದಲು ಆರಿಸಿಕೊಂಡು, ಆಮೇಲೆ ಅದಕ್ಕೊಂದು ಕೆಲಸ ಹುಡುಕುವವರು ಸಾಧಾರಣವಾಗಿ ಎರಡನೇ ವಾರ ಬಿಟ್ಟುಬಿಡುತ್ತಾರೆ. ಕೈಯಲ್ಲಿರುವ ಕೆಲಸದಿಂದಲೇ ಹೊರಡಿ. ಈ ಲೇಖನ ಹೇಳುವುದು ಆ ದಾರಿಯನ್ನೇ.

ಒಂದು ಸೂಚನೆ. ಕೋಡ್‌ನ ಪದಗಳನ್ನು ಇಲ್ಲಿ ಉಚ್ಚಾರ ಇದ್ದಂತೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಬೇಕು.

ಮೊದಲು, ನಿಮ್ಮ ಮೇಜಿನ ಮೇಲೆ ಏನಿದೆ ನೋಡಿ

ನೀವು ಫ್ಲೆಕ್ಸ್, ಮದುವೆ ಕಾಗದ, ಆಲ್ಬಮ್ ಮಾಡುವ ಅಂಗಡಿಯಲ್ಲಿದ್ದರೆ ನಿಮ್ಮ ಮುಂದಿರುವುದು ಫೋಟೋಶಾಪ್ ಮತ್ತು ಕೋರೆಲ್‌ಡ್ರಾ. ಫೋಟೋಶಾಪ್‌ಗೆ ಜಾವಾಸ್ಕ್ರಿಪ್ಟ್ ಅರ್ಥವಾಗುತ್ತದೆ. ಕೋರೆಲ್‌ಡ್ರಾಗೆ ವಿಬಿಎ ಭಾಷೆಯ ಮ್ಯಾಕ್ರೋ, ಎಂದರೆ ತಾನಾಗಿ ಓಡುವ ಆಜ್ಞೆಗಳ ಸಾಲು. ಆದರೆ ಕೋಡ್‌ಗೆ ಕೈ ಹಾಕುವ ಮುಂಚೆ ಫೋಟೋಶಾಪ್‌ನ ಇಮೇಜ್ ಮೆನುವಿನಲ್ಲಿ ವೇರಿಯೇಬಲ್ಸ್ ಎಂಬುದನ್ನು ನೋಡಿ. ಶಾಲೆಯ ಐಡಿ ಕಾರ್ಡ್ ಮಾಡುವಾಗ ಮುನ್ನೂರು ಮಕ್ಕಳ ಹೆಸರು, ಫೋಟೋ ಒಂದೊಂದಾಗಿ ಕೂರಿಸಬೇಕಿಲ್ಲ. ಎಕ್ಸೆಲ್‌ನಿಂದ ಸಿಎಸ್‌ವಿ ಫೈಲ್ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾದಾ ಪಟ್ಟಿ) ತೆಗೆದು ಕೊಟ್ಟರೆ ಅದೇ ತುಂಬಿಕೊಳ್ಳುತ್ತದೆ. ಒಂದು ಸಾಲು ಕೋಡ್ ಬೇಡ.

ಆರ್ಕಿಟೆಕ್ಟ್ ಅಥವಾ ಸಿವಿಲ್ ಇಂಜಿನಿಯರ್ ಆಫೀಸಿನಲ್ಲಿದ್ದರೆ ಆಟೋಕ್ಯಾಡ್ ಮತ್ತು ಸ್ಕೆಚ್‌ಅಪ್. ಆಟೋಕ್ಯಾಡ್‌ನ ಒಳಗಿರುವುದು ಆಟೋಲಿಸ್ಪ್. ಹಳೆಯ ಭಾಷೆ, ತುಂಬ ಆವರಣ ಚಿಹ್ನೆಗಳು, ಆದರೆ ಇವತ್ತಿಗೂ ಚೆನ್ನಾಗಿ ದುಡಿಯುತ್ತದೆ. ಆಟೋಕ್ಯಾಡ್ ಎಲ್‌ಟಿ ಬಳಸುವವರಿಗೆ ಇದು ಮೊದಲು ಇರಲಿಲ್ಲ. 2024ರ ಆವೃತ್ತಿಯಿಂದ ಅದರಲ್ಲೂ ಬಂದಿದೆ. ಸ್ಕೆಚ್‌ಅಪ್‌ಗೆ ರೂಬಿ.

ಮೊಬೈಲ್ ಗೇಮ್ ಕಡೆ ಹೋಗುವವರಿಗೆ ಯೂನಿಟಿ ಆದರೆ ಸಿ ಶಾರ್ಪ್, ಅನ್‌ರಿಯಲ್ ಆದರೆ ಸಿ ಪ್ಲಸ್ ಪ್ಲಸ್ ಮತ್ತು ಬ್ಲೂಪ್ರಿಂಟ್, ಗೊಡೊ ಆದರೆ ಜಿಡಿಸ್ಕ್ರಿಪ್ಟ್. ಇದಕ್ಕೆ ಬೆಂಗಳೂರಿಗೇ ಹೋಗಬೇಕು ಎಂದೇನಿಲ್ಲ. ರೋಬೋಸಾಫ್ಟ್ ಎಂಬ ಸಾಫ್ಟ್‌ವೇರ್ ಕಂಪನಿ 1996ರಲ್ಲಿ ಶುರುವಾದದ್ದು ಉಡುಪಿಯಲ್ಲಿ. ಗೇಮ್ ಮಾಡುವ 99ಗೇಮ್ಸ್ ಕೂಡ ಉಡುಪಿಯದ್ದೇ.

ಸಿನಿಮಾ, ವಿಎಫ್‌ಎಕ್ಸ್, ತ್ರೀಡಿ ಅನಿಮೇಷನ್ ಎಂದಾದರೆ ಬ್ಲೆಂಡರ್, ಮಾಯಾ, ಹೂಡಿನಿ, ನ್ಯೂಕ್. ಈ ನಾಲ್ಕರಲ್ಲೂ ಪೈಥಾನ್ ನಡೆಯುತ್ತದೆ. ಹಾಗಾಗಿ ಏನೂ ತೋಚದವರಿಗೆ ನನ್ನ ಸಲಹೆ ಪೈಥಾನ್, ಅದೂ ಬ್ಲೆಂಡರ್ ಒಳಗೆ. ದುಡ್ಡು ಕೊಡಬೇಕಿಲ್ಲ, ಇನ್‌ಸ್ಟಾಲ್ ಮಾಡಿದ ಕೂಡಲೇ ಪೈಥಾನ್ ಜೊತೆಗೇ ಬರುತ್ತದೆ.

ಈಗ ಒಂದು ಹಾಳೆ ತೆಗೆದುಕೊಳ್ಳಿ. ಕಳೆದ ವಾರ ನೀವು ಹತ್ತಕ್ಕಿಂತ ಹೆಚ್ಚು ಸಲ ಮಾಡಿದ ಒಂದೇ ತರದ ಕೆಲಸಗಳನ್ನು ಬರೆಯಿರಿ. ಫೈಲ್‌ಗೆ ಹೆಸರು ಬದಲಾಯಿಸುವುದು, ಸೈಜ್ ಕಡಿಮೆ ಮಾಡುವುದು, ಒಂದೇ ವಸ್ತುವನ್ನು ಸುತ್ತಲೂ ಜೋಡಿಸುವುದು. ಆ ಪಟ್ಟಿಯಲ್ಲಿ ಅತಿ ಬೇಜಾರಿನ ಕೆಲಸವೇ ನಿಮ್ಮ ಮೊದಲ ಪಾಠ.

ಒಳಗಿರುವ ಮೂರು ಪದರ

ಯಾವ ಗ್ರಾಫಿಕ್ಸ್ ಸಾಫ್ಟ್‌ವೇರ್ ತೆಗೆದುಕೊಂಡರೂ ಅದರಲ್ಲಿ ಭಾಷೆಗಳು ಸಾಧಾರಣವಾಗಿ ಮೂರು ಪದರದಲ್ಲಿ ಕೂತಿರುತ್ತವೆ. ಇದು ತಿಳಿದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಅಡಿಯಲ್ಲಿ ಸಾಫ್ಟ್‌ವೇರನ್ನೇ ಕಟ್ಟಿದ ಭಾಷೆ. ಇವತ್ತು ಅದು ಹೆಚ್ಚಾಗಿ ಸಿ ಪ್ಲಸ್ ಪ್ಲಸ್. ಮೊದಲಿನಿಂದ ಹಾಗೇ ಇತ್ತು ಎಂದಲ್ಲ. ಫೋಟೋಶಾಪ್‌ನ 1.0.1 ಆವೃತ್ತಿಯ ಕೋಡನ್ನು ಅಮೆರಿಕದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ 2013ರಲ್ಲಿ ಎಲ್ಲರಿಗೂ ನೋಡಲು ಕೊಟ್ಟಿತು. ಸುಮಾರು 1,28,000 ಸಾಲು. ಅದರಲ್ಲಿ ಹೆಚ್ಚಿನದು ಪ್ಯಾಸ್ಕಲ್, ವೇಗ ಬೇಕಾದ ಕಡೆ ಅಸೆಂಬ್ಲಿ. ಆಮೇಲೆ ಉದ್ಯಮವೇ ಸಿ ಪ್ಲಸ್ ಪ್ಲಸ್ ಕಡೆ ವಾಲಿತು. ಕಾರಣ ಮೆಮೊರಿ. 4ಕೆ ಚಿತ್ರದ ಒಂದು ಲೇಯರ್ ತೆಗೆದುಕೊಳ್ಳಿ: 3840 ಅಡ್ಡ, 2160 ಉದ್ದ. ಒಂದೊಂದು ಪಿಕ್ಸೆಲ್‌ಗೆ ನಾಲ್ಕು ಚಾನೆಲ್, ಒಂದೊಂದಕ್ಕೆ ನಾಲ್ಕು ಬೈಟ್ ಎಂದರೆ ಒಟ್ಟು 13 ಕೋಟಿ ಬೈಟ್ ದಾಟುತ್ತದೆ. ಒಂದೇ ಲೇಯರ್‌ಗೆ, ಒಂದೇ ಫ್ರೇಮ್‌ಗೆ! ಇದನ್ನು ಎಲ್ಲಿ ಇಡಬೇಕು, ಯಾವಾಗ ಬಿಡಬೇಕು ಎಂದು ಪ್ರೋಗ್ರಾಮರ್ ತಾನೇ ಹೇಳಲು ಆಗಬೇಕು. ಅದಕ್ಕೆ ಆ ಭಾಷೆ.

ನಡುವೆ ಸ್ಕ್ರಿಪ್ಟ್ ಭಾಷೆ. ಪೈಥಾನ್, ಜಾವಾಸ್ಕ್ರಿಪ್ಟ್, ಮಾಯಾದ ಮೆಲ್, ತ್ರೀಡಿಎಸ್ ಮ್ಯಾಕ್ಸ್‌ನ ಮ್ಯಾಕ್ಸ್‌ಸ್ಕ್ರಿಪ್ಟ್, ಎಲ್ಲ ಇಲ್ಲಿಗೆ ಸೇರುತ್ತವೆ. ಬಟನ್ ಒತ್ತಿ ನೀವು ಮಾಡುವುದನ್ನು ಇವು ನಿಮ್ಮ ಪರವಾಗಿ ಮಾಡುತ್ತವೆ. ಭಾರದ ಲೆಕ್ಕವನ್ನು ಅಡಿಯ ಪದರಕ್ಕೆ ದಾಟಿಸುತ್ತವೆ. ಕಲಾವಿದರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಈ ಪದರವೇ.

ಮೂರನೆಯದು ಶೇಡರ್ ಭಾಷೆ. ಗ್ರಾಫಿಕ್ಸ್ ಕಾರ್ಡ್ ಮೇಲೆ ಓಡಿ ಒಂದೊಂದು ಪಿಕ್ಸೆಲ್‌ಗೂ ಬಣ್ಣ ಲೆಕ್ಕ ಹಾಕುತ್ತದೆ. ಇದನ್ನು ಮುಂದೆ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಚಿತ್ರ ಬಿಡಿಸುವ ಕೈಗೆ ಅತಿ ಹೆಚ್ಚು ಖುಷಿ ಕೊಡುವುದು ಇದೇ.

ಮೊದಲ ಸ್ಕ್ರಿಪ್ಟ್: ಕಿರೀಟದ ಸುತ್ತ ಮಣಿ

ಯಕ್ಷಗಾನದ ಕಿರೀಟವನ್ನು ತ್ರೀಡಿಯಲ್ಲಿ ಮಾಡಲು ಹೊರಟಿದ್ದೀರಿ ಎಂದುಕೊಳ್ಳಿ. ಸುತ್ತಲೂ ಸಾಲು ಸಾಲು ಮಣಿ ಬೇಕು. ಒಂದೊಂದೇ ಕಾಪಿ ಮಾಡಿ ಕಣ್ಣಳತೆಯಲ್ಲಿ ಇಟ್ಟರೆ ಕೊನೆಯ ಮಣಿಗೆ ಜಾಗವೇ ಉಳಿಯುವುದಿಲ್ಲ, ಅಲ್ವಾ? ಸ್ಕ್ರಿಪ್ಟ್‌ಗೆ ಇದು ಹೇಳಿ ಮಾಡಿಸಿದ ಕೆಲಸ.

ಬ್ಲೆಂಡರ್ ತೆರೆದು ಮೊದಲು ಪ್ರಿಫರೆನ್ಸಸ್‌ಗೆ ಹೋಗಿ. ಇಂಟರ್‌ಫೇಸ್ ಭಾಗದಲ್ಲಿ ಪೈಥಾನ್ ಟೂಲ್‌ಟಿಪ್ಸ್ ಮತ್ತು ಡೆವಲಪರ್ ಎಕ್ಸ್‌ಟ್ರಾಸ್ ಎರಡಕ್ಕೂ ಟಿಕ್ ಹಾಕಿ. ಇನ್ನು ಮೇಲೆ ಯಾವ ಬಟನ್ ಮೇಲೆ ಮೌಸ್ ಇಟ್ಟರೂ ಅದರ ಪೈಥಾನ್ ಹೆಸರು ಕಾಣುತ್ತದೆ. ಬ್ಲೆಂಡರ್‌ನ ಮೆನು, ಪ್ಯಾನೆಲ್‌ಗಳಲ್ಲಿ ಬಹುಪಾಲು ಪೈಥಾನ್‌ನಲ್ಲೇ ಬರೆದದ್ದು. ಬಲ ಕ್ಲಿಕ್ ಮಾಡಿ ಎಡಿಟ್ ಸೋರ್ಸ್ ಎಂದರೆ ಆ ಬಟನ್ನಿನ ಕೋಡೇ ನಿಮ್ಮ ಮುಂದೆ ತೆರೆದುಕೊಳ್ಳುತ್ತದೆ. ನನಗೆ ಗೊತ್ತಿರುವ ಯಾವ ಪುಸ್ತಕವೂ ಇಷ್ಟು ಹತ್ತಿರದಿಂದ ಕಲಿಸುವುದಿಲ್ಲ.

ಈಗ ಒಂದು ಸಣ್ಣ ಯುವಿ ಸ್ಫಿಯರ್ (ಗೋಲ) ಮಾಡಿ, ಮಣಿಯಷ್ಟು ಚಿಕ್ಕದಾಗಿಸಿ. ಎಡಿಟ್ ಮೋಡ್‌ನಲ್ಲೇ ಚಿಕ್ಕದು ಮಾಡಿ, ಇಲ್ಲವಾದರೆ ಆಮೇಲೆ ಸ್ಕೇಲ್ ಅಪ್ಲೈ ಮಾಡಿ. ಹಾಗೆ ಮಾಡದಿದ್ದರೆ ಕಾಪಿಗಳೆಲ್ಲ ಹಳೆಯ ಗಾತ್ರದಲ್ಲಿ ಬರುತ್ತವೆ. ಅದಕ್ಕೆ ಮಣಿ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಡಿ. ಮೇಲಿನ ಸ್ಕ್ರಿಪ್ಟಿಂಗ್ ಟ್ಯಾಬ್ ಒತ್ತಿ. ಅಲ್ಲಿ ಇನ್ಫೋ ಎಂಬ ಕಿಟಕಿಯಲ್ಲಿ ನೀವು ಈವರೆಗೆ ಮಾಡಿದ ಒಂದೊಂದು ಕೆಲಸವೂ ಒಂದೊಂದು ಸಾಲಾಗಿ ಬಿದ್ದಿರುತ್ತದೆ. ಸ್ಫಿಯರ್ ಹಾಕಿದ್ದು, ಸ್ಕೇಲ್ ಮಾಡಿದ್ದು, ಎಲ್ಲ. ಸುಮ್ನೆ ಐದು ನಿಮಿಷ ಅದನ್ನು ಓದಿ. ಆ ಸಾಲುಗಳನ್ನು ಕಾಪಿ ಮಾಡಿ ಮತ್ತೆ ಓಡಿಸಲೂ ಆಗುತ್ತದೆ.

ಆಮೇಲೆ ಟೆಕ್ಸ್ಟ್ ಎಡಿಟರ್‌ನಲ್ಲಿ ನ್ಯೂ ಒತ್ತಿ. ಬರೆಯಬೇಕಾದ್ದು ಇಷ್ಟು.

ಮೊದಲ ಎರಡು ಸಾಲಿನಲ್ಲಿ ಬಿಪಿವೈ ಮತ್ತು ಮ್ಯಾಥ್ ಇವನ್ನು ಇಂಪೋರ್ಟ್ ಮಾಡಿ. ಬಿಪಿವೈ ಎಂದರೆ ಬ್ಲೆಂಡರ್ ಜೊತೆ ಮಾತಾಡುವ ಲೈಬ್ರರಿ, ಮೊದಲೇ ಬರೆದಿಟ್ಟ ಕೋಡಿನ ಕಟ್ಟು.

ಮೂರನೇ ಸಾಲಿನಲ್ಲಿ ಬಿಪಿವೈ ಡಾಟ್ ಡೇಟಾ ಡಾಟ್ ಆಬ್ಜೆಕ್ಟ್ಸ್‌ನಿಂದ ಮಣಿಯನ್ನು ಹೆಸರು ಹಿಡಿದು ತೆಗೆದು, ಅದರ ಡೇಟಾವನ್ನು, ಎಂದರೆ ಆಕಾರವನ್ನು, ಮೆಶ್ ಎಂಬ ಹೆಸರಿನಲ್ಲಿ ಇಟ್ಟುಕೊಳ್ಳಿ.

ನಂತರ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಫಾರ್ ಲೂಪ್, ರೇಂಜ್ 36. ಸುತ್ತಲೂ 360 ಡಿಗ್ರಿ, 36 ಮಣಿ, ಹಾಗಾಗಿ ಒಂದಕ್ಕೂ ಇನ್ನೊಂದಕ್ಕೂ ನಡುವೆ 10 ಡಿಗ್ರಿ. ಲೂಪ್ ಒಳಗಿನ ಸಾಲುಗಳನ್ನು ನಾಲ್ಕು ಸ್ಪೇಸ್ ಒಳಗೆ ತಳ್ಳಿ ಬರೆಯಬೇಕು. ಪೈಥಾನ್‌ಗೆ ಆ ಜಾಗವೇ ವ್ಯಾಕರಣ.

ಲೂಪ್ ಒಳಗೆ ಮೊದಲು ಕೋನ: ಎಷ್ಟನೇ ಮಣಿಯೋ ಅದನ್ನು 10ರಿಂದ ಗುಣಿಸಿ, ಮ್ಯಾಥ್ ಡಾಟ್ ರೇಡಿಯನ್ಸ್‌ಗೆ ಕೊಡಿ. ಸೈನ್, ಕಾಸ್‌ಗೆ ಡಿಗ್ರಿ ಅರ್ಥವಾಗುವುದಿಲ್ಲ, ರೇಡಿಯನ್ ಮಾತ್ರ. ಶಾಲೆಯಲ್ಲಿ ಕಲಿತ ತ್ರಿಕೋನಮಿತಿ ಇಲ್ಲಿ ಕೆಲಸಕ್ಕೆ ಬರುತ್ತದೆ: ಎಕ್ಸ್ ಎಂದರೆ ತ್ರಿಜ್ಯ ಗುಣಿಸು ಕಾಸ್, ವೈ ಎಂದರೆ ತ್ರಿಜ್ಯ ಗುಣಿಸು ಸೈನ್. ಕಿರೀಟದ ತ್ರಿಜ್ಯ ಸದ್ಯಕ್ಕೆ 0.2 ಮೀಟರ್ ಇರಲಿ.

ಮುಂದಿನ ಸಾಲಿನಲ್ಲಿ ಬಿಪಿವೈ ಡಾಟ್ ಡೇಟಾ ಡಾಟ್ ಆಬ್ಜೆಕ್ಟ್ಸ್ ಡಾಟ್ ನ್ಯೂ. ಅದಕ್ಕೆ ಒಂದು ಹೆಸರು ಮತ್ತು ಮೊದಲು ತೆಗೆದಿಟ್ಟ ಅದೇ ಮೆಶ್ ಕೊಡಿ. ಲೊಕೇಶನ್‌ಗೆ ಎಕ್ಸ್, ವೈ, ಎತ್ತರ ಕೊಡಿ. ಮಣಿ ದುಂಡಗಿರದೆ ಎಲೆಯಾಕಾರದಲ್ಲಿದ್ದರೆ ರೊಟೇಶನ್‌ನ ಝೆಡ್‌ಗೆ ಅದೇ ಕೋನ ಕೊಟ್ಟರೆ ಎಲ್ಲವೂ ಹೊರಮುಖವಾಗಿ ತಿರುಗುತ್ತವೆ.

ಲೂಪ್ ಒಳಗಿನ ಕೊನೆಯ ಸಾಲು ಹೊಸಬರು ಮರೆಯುವ ಸಾಲು. ಆಬ್ಜೆಕ್ಟ್ ಹುಟ್ಟಿದ ಮಾತ್ರಕ್ಕೆ ಅದು ಸೀನ್‌ನಲ್ಲಿ ಕಾಣುವುದಿಲ್ಲ. ಅದನ್ನು ಒಂದು ಕಲೆಕ್ಷನ್‌ಗೆ ಲಿಂಕ್ ಮಾಡಬೇಕು. ಲಿಂಕ್ ಮಾಡದಿದ್ದರೆ ಯಾವ ಎರರ್ ಕೂಡ ಬರುವುದಿಲ್ಲ, ಮಣಿಯೂ ಬರುವುದಿಲ್ಲ.

ಈಗ ಆಲ್ಟ್ ಮತ್ತು ಪಿ ಒತ್ತಿ. ಕಿರೀಟದ ಸುತ್ತ ಮಣಿ ಕೂತಿರುತ್ತದೆ. ಎಲ್ಲ ಮಣಿಗೂ ಮೆಶ್ ಒಂದೇ ಆದ್ದರಿಂದ ಒಂದರ ಆಕಾರ ಬದಲಾಯಿಸಿದರೆ 36ರದ್ದೂ ಬದಲಾಗುತ್ತದೆ, ಫೈಲ್ ಸೈಜ್ ಕೂಡ ಜಾಸ್ತಿ ಆಗುವುದಿಲ್ಲ.

ಎರಡನೇ ಸಲ ಓಡಿಸಿದರೆ? ಹಳೆಯ ಮಣಿಯ ಮೇಲೇ ಇನ್ನೊಂದು ಸುತ್ತು ಮಣಿ ಬೀಳುತ್ತದೆ, ಕಣ್ಣಿಗೆ ಗೊತ್ತೂ ಆಗುವುದಿಲ್ಲ. ಅದಕ್ಕೆ ಈ ಮಣಿಗಳಿಗೇ ಬೇರೆ ಕಲೆಕ್ಷನ್ ಮಾಡಿ, ಸ್ಕ್ರಿಪ್ಟ್ ಶುರುವಾಗುವಾಗಲೇ ಅದನ್ನು ಖಾಲಿ ಮಾಡುವ ಸಾಲು ಸೇರಿಸಿ. ಎಷ್ಟು ಸಲ ಓಡಿಸಿದರೂ ಒಂದೇ ಫಲಿತಾಂಶ ಬರುವಂತೆ ಬರೆಯುವುದು ಒಳ್ಳೆಯ ಅಭ್ಯಾಸ. ಸ್ಟುಡಿಯೋಗಳಲ್ಲಿ ಇದನ್ನು ನಿಜಕ್ಕೂ ನೋಡುತ್ತಾರೆ.

ಬಿಪಿವೈ ಡಾಟ್ ಓಪಿಎಸ್ ಎಂದು ಶುರುವಾಗುವ ಆಜ್ಞೆಗಳು ಬಟನ್ ಒತ್ತಿದಂತೆ. ಯಾವುದು ಸೆಲೆಕ್ಟ್ ಆಗಿದೆ, ಯಾವ ಮೋಡ್‌ನಲ್ಲಿದ್ದೀರಿ ಎಂಬುದರ ಮೇಲೆ ಅವು ನಿಂತಿವೆ. ನೂರಾರು ಸಲ ಕರೆದರೆ ನಿಧಾನವೂ ಆಗುತ್ತವೆ. ಬಿಪಿವೈ ಡಾಟ್ ಡೇಟಾ ನೇರವಾಗಿ ವಸ್ತುವನ್ನೇ ಮುಟ್ಟುತ್ತದೆ. ಕಲಿಯಲು ಮೊದಲನೆಯದು ಸುಲಭ, ಕೆಲಸಕ್ಕೆ ಎರಡನೆಯದು ಒಳ್ಳೆಯದು. ಮೇಲಿನ ಸ್ಕ್ರಿಪ್ಟ್‌ನಲ್ಲಿ ಬೇಕೆಂದೇ ಎರಡನೆಯದನ್ನು ಬಳಸಿದ್ದೇನೆ.

ಎರರ್ ಬಂದರೆ ಗಾಬರಿ ಬೇಡ. ವಿಂಡೋಸ್‌ನಲ್ಲಿ ವಿಂಡೋ ಮೆನುವಿನ ಟಾಗಲ್ ಸಿಸ್ಟಮ್ ಕನ್ಸೋಲ್ ತೆರೆದು ಕೊನೆಯ ಸಾಲು ಮೊದಲು ಓದಿ. ಏನು ತಪ್ಪಿದೆ ಎಂದು ಅಲ್ಲಿರುತ್ತದೆ, ಎಷ್ಟನೇ ಸಾಲಿನಲ್ಲಿ ಎಂಬುದು ಅದರ ಮೇಲಿರುತ್ತದೆ.

ಕರೆಂಟ್ ಹೋದರೂ ರೆಂಡರ್ ಉಳಿಯಬೇಕು

ರೆಂಡರ್ ಎಂದರೆ ಸೀನನ್ನು ಅಂತಿಮ ಚಿತ್ರವಾಗಿ ಲೆಕ್ಕ ಹಾಕಿಸುವುದು. ಜೂನ್, ಜುಲೈಯಲ್ಲಿ ನಮ್ಮ ಕಡೆ ರಾತ್ರಿ ರೆಂಡರ್‌ಗೆ ಇಟ್ಟು ಮಲಗುವುದು ಧೈರ್ಯದ ಕೆಲಸ ಮಾರಾಯ್ರೆ. ಗುಡುಗು ಬಂದರೆ ಕರೆಂಟ್ ಹೋಯಿತು. ಹಾಗಾಗಿ ನೇರ ವಿಡಿಯೋ ಫೈಲ್ ಆಗಿ ರೆಂಡರ್ ಮಾಡಲೇಬೇಡಿ. ಪಿಎನ್‌ಜಿ ಅಥವಾ ಓಪನ್‌ಇಎಕ್ಸ್‌ಆರ್ ಚಿತ್ರಗಳ ಸಾಲಾಗಿ ಮಾಡಿ. 400ನೇ ಫ್ರೇಮ್‌ನಲ್ಲಿ ನಿಂತರೆ 399 ನಿಮ್ಮ ಕೈಯಲ್ಲೇ ಇರುತ್ತವೆ.

ಔಟ್‌ಪುಟ್ ಭಾಗದಲ್ಲಿ ಓವರ್‌ರೈಟ್ ಟಿಕ್ ತೆಗೆಯಿರಿ. ಮತ್ತೆ ಶುರು ಮಾಡಿದಾಗ ಆಗಿರುವ ಫ್ರೇಮ್‌ಗಳನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ಎರಡು ಕಂಪ್ಯೂಟರ್ ಒಂದೇ ಫೋಲ್ಡರ್‌ಗೆ ರೆಂಡರ್ ಮಾಡುವುದಾದರೆ ಪ್ಲೇಸ್‌ಹೋಲ್ಡರ್ಸ್ ಕೂಡ ಟಿಕ್ ಮಾಡಿ, ಒಂದು ಹಿಡಿದ ಫ್ರೇಮನ್ನು ಇನ್ನೊಂದು ಮುಟ್ಟುವುದಿಲ್ಲ. ಆದರೆ ಎಚ್ಚರ: ಪ್ಲೇಸ್‌ಹೋಲ್ಡರ್ ಇದ್ದಾಗ ಕರೆಂಟ್ ಹೋದರೆ ಆ ಫ್ರೇಮ್‌ನ ಖಾಲಿ ಫೈಲ್ ಉಳಿದುಬಿಡುತ್ತದೆ. ಬ್ಲೆಂಡರ್ ಅದನ್ನು ಮುಗಿದದ್ದು ಎಂದೇ ತಿಳಿಯುತ್ತದೆ. ಬೆಳಿಗ್ಗೆ ಮೊದಲು ಸೊನ್ನೆ ಬೈಟ್ ಇರುವ ಫೈಲ್‌ಗಳನ್ನು ಅಳಿಸಿ, ಆಮೇಲೆ ಮತ್ತೆ ಶುರು ಮಾಡಿ. ಇದನ್ನೇ ನಿಮ್ಮ ಎರಡನೇ ಪೈಥಾನ್ ಸ್ಕ್ರಿಪ್ಟ್ ಮಾಡಿಕೊಳ್ಳಿ: ಫೋಲ್ಡರ್ ನೋಡು, ಸೈಜ್ ಸೊನ್ನೆ ಇದ್ದರೆ ಅಳಿಸು. ಹತ್ತು ಸಾಲು ಸಾಕು.

ಬ್ಲೆಂಡರನ್ನು ಕಿಟಕಿ ತೆರೆಯದೆ ಕಮಾಂಡ್ ಲೈನ್‌ನಿಂದ ಓಡಿಸಿದರೆ ಮೆಮೊರಿಯೂ ಉಳಿಯುತ್ತದೆ. ಮೈನಸ್ ಬಿ, ಫೈಲ್ ಹೆಸರು, ಮೈನಸ್ ಓ ಮತ್ತು ಫೋಲ್ಡರ್, ಕೊನೆಗೆ ಮೈನಸ್ ಎ. ಈ ಕ್ರಮ ಮುಖ್ಯ. ಬ್ಲೆಂಡರ್ ಎಡದಿಂದ ಬಲಕ್ಕೆ ಒಂದೊಂದಾಗಿ ಮಾಡುತ್ತಾ ಹೋಗುತ್ತದೆ. ಮೈನಸ್ ಎ ಮೊದಲು ಬಂದರೆ ಫೋಲ್ಡರ್ ಯಾವುದೆಂದು ಕೇಳುವ ಮುಂಚೆಯೇ ರೆಂಡರ್ ಶುರುವಾಗಿರುತ್ತದೆ.

ಹುಲಿವೇಷದ ಪಟ್ಟೆಯಿಂದ ಶೇಡರ್

ಶೇಡರ್ ಹೇಗೆ ಯೋಚಿಸುತ್ತದೆ ಎಂಬುದು ಬೇರೆಯೇ ರೀತಿ. 1920 ಅಡ್ಡ 1080 ಉದ್ದದ ಪರದೆಯಲ್ಲಿ 20,73,600 ಪಿಕ್ಸೆಲ್. ಸೆಕೆಂಡಿಗೆ 25 ಫ್ರೇಮ್ ಎಂದರೆ ಐದು ಕೋಟಿಗೂ ಮೀರಿ ಸಲ ಬಣ್ಣ ಲೆಕ್ಕ ಹಾಕಬೇಕು. ಗ್ರಾಫಿಕ್ಸ್ ಕಾರ್ಡ್ ಇದನ್ನು ಸಾವಿರಾರು ಪಿಕ್ಸೆಲ್‌ಗೆ ಒಟ್ಟಿಗೇ ಮಾಡುತ್ತದೆ. ನೀವು ಬರೆಯುವುದು ಒಂದೇ ಒಂದು ಪಿಕ್ಸೆಲ್‌ನ ಲೆಕ್ಕ. ಪಕ್ಕದ ಪಿಕ್ಸೆಲ್‌ಗೆ ಯಾವ ಬಣ್ಣ ಬಂತು ಎಂದು ಅದು ಕೇಳುವಂತಿಲ್ಲ. ತಾನು ಎಲ್ಲಿದ್ದೇನೆ ಎಂಬುದಷ್ಟೇ ಅದಕ್ಕೆ ಗೊತ್ತು.

ನವರಾತ್ರಿಗೆ ಮೈ ಮೇಲೆ ಹುಲಿ ಬಣ್ಣ ಬರೆಯುವವರನ್ನು ಹತ್ತಿರದಿಂದ ನೋಡಿದವರಿಗೆ ಪಟ್ಟೆ ಹೇಗೆ ಹೋಗುತ್ತದೆ ಗೊತ್ತು. ಅದನ್ನೇ ಶೇಡರ್‌ನಲ್ಲಿ ಮಾಡೋಣ.

ಪಿಕ್ಸೆಲ್‌ನ ವೈ ಬೆಲೆ (0ರಿಂದ 1ರ ಅಳತೆಯಲ್ಲಿ) ತೆಗೆದುಕೊಳ್ಳಿ, 40ರಿಂದ ಗುಣಿಸಿ, ಸೈನ್ ಹಾಕಿ. ಮೈನಸ್ 1ರಿಂದ 1ರವರೆಗೆ ಏರಿಳಿಯುವ ಬೆಲೆ ಸಿಗುತ್ತದೆ. 0.2ಕ್ಕಿಂತ ಜಾಸ್ತಿ ಇದ್ದರೆ ಕಪ್ಪು, ಇಲ್ಲದಿದ್ದರೆ ಹಳದಿ. ಈಗ ಸಿಕ್ಕಿದ್ದು ನೇರ ಅಡ್ಡ ಗೆರೆ. ಹುಲಿಯ ಪಟ್ಟೆ ಹಾಗಿರುವುದಿಲ್ಲ. ಸೈನ್ ಹಾಕುವ ಮುಂಚೆಯೇ ವೈಗೆ ಸ್ವಲ್ಪ ನಾಯ್ಸ್ (ಅಡ್ಡಾದಿಡ್ಡಿ ಏರಿಳಿಯುವ ಬೆಲೆ) ಕೂಡಿಸಿ. ಗೆರೆ ಕೂಡಲೇ ಅಲುಗಾಡಿ ಜೀವ ಬರುತ್ತದೆ. ಇನ್ನೂ ಒಂದು ಬಾಕಿ: ಬೆನ್ನಿನ ಕಡೆ ಪಟ್ಟೆ ದಪ್ಪ, ಹೊಟ್ಟೆಯ ಕಡೆ ಬರುತ್ತಾ ಸಪೂರ. ಅದಕ್ಕೆ ಆ 0.2 ಎಂಬ ಗಡಿಯನ್ನು ಸ್ಥಿರವಾಗಿ ಇಡದೆ, ಹೊಟ್ಟೆಯ ಕಡೆ ಹೋದಂತೆ ಏರಿಸುತ್ತಾ ಹೋಗಿ. ಗಡಿ ಏರಿದಂತೆ ಕಪ್ಪಿಗೆ ಸಿಗುವ ಜಾಗ ಕಡಿಮೆಯಾಗಿ ಪಟ್ಟೆ ತಾನಾಗಿ ಚೂಪಾಗುತ್ತದೆ. ಅಂಚು ಹರಿತವಾಗಿ ಒಡೆದಂತೆ ಕಂಡರೆ ಇಫ್ ಬದಲು ಒಂದು ಬಣ್ಣದಿಂದ ಇನ್ನೊಂದಕ್ಕೆ ನಯವಾಗಿ ದಾಟಿಸುವ ಸ್ಮೂತ್‌ಸ್ಟೆಪ್ ಬಳಸಿ.

ಇಷ್ಟನ್ನು ಬ್ಲೆಂಡರ್‌ನ ನೋಡ್‌ಗಳಲ್ಲಿ (ಗೆರೆ ಎಳೆದು ಜೋಡಿಸುವ ಡಬ್ಬಿಗಳಲ್ಲಿ) ಒಂದು ಸಲ ಮಾಡಿ, ಆಮೇಲೆ ಜಿಎಲ್‌ಎಸ್‌ಎಲ್‌ನಲ್ಲಿ ಬರೆಯಿರಿ. ಜಿಎಲ್‌ಎಸ್‌ಎಲ್ 2004ರಲ್ಲಿ ಓಪನ್‌ಜಿಎಲ್ 2.0 ಜೊತೆ ಮುಖ್ಯ ಭಾಗವಾಗಿ ಬಂದ ಭಾಷೆ. ಬ್ರೌಸರ್‌ನಲ್ಲೂ ಓಡುತ್ತದೆ, ಇನ್‌ಸ್ಟಾಲ್ ಮಾಡಲು ಏನೂ ಇಲ್ಲ. ಯೂನಿಟಿ, ಅನ್‌ರಿಯಲ್ ಕಡೆ ಹೋದರೆ ಎಚ್‌ಎಲ್‌ಎಸ್‌ಎಲ್ ಸಿಗುತ್ತದೆ. ಬರೆಯುವ ರೀತಿಯಲ್ಲಿ ಸಣ್ಣ ವ್ಯತ್ಯಾಸ, ಯೋಚನೆ ಒಂದೇ. ಸಿನಿಮಾ ರೆಂಡರಿಂಗ್‌ಗೆ ಓಎಸ್‌ಎಲ್ ಎಂಬುದು ಉಂಟು. ಸೋನಿ ಪಿಕ್ಚರ್ಸ್ ಇಮೇಜ್‌ವರ್ಕ್ಸ್ ಅದನ್ನು 2010ರಲ್ಲಿ ಓಪನ್ ಸೋರ್ಸ್ ಮಾಡಿತು. ಬ್ಲೆಂಡರ್‌ನ ಸೈಕಲ್ಸ್ ಎಂಬ ರೆಂಡರ್ ಎಂಜಿನ್‌ನಲ್ಲೂ ಅದು ನಡೆಯುತ್ತದೆ.

ಕನ್ನಡ ಅಕ್ಷರ ಒಡೆಯದಿರಲಿ

ನಮ್ಮ ಊರಿನ ಕೆಲಸದಲ್ಲಿ ಇದು ಬಂದೇ ಬರುತ್ತದೆ. ಟೈಟಲ್‌ನಲ್ಲಿ ಕನ್ನಡ ಅಕ್ಷರ ಒಂದೊಂದಾಗಿ ಮೂಡಬೇಕು ಎಂದು ಗಿರಾಕಿ ಕೇಳುತ್ತಾರೆ. ನೀವು ಸ್ಕ್ರಿಪ್ಟ್ ಬರೆದು ಅಕ್ಷರ ಬಿಡಿಸುತ್ತೀರಿ. “ಯಕ್ಷಗಾನ” ಎಂಬಲ್ಲಿ ನಮ್ಮ ಕಣ್ಣಿಗೆ ಇರುವುದು ನಾಲ್ಕು ಅಕ್ಷರ. ಪೈಥಾನ್‌ಗೆ ಕೇಳಿದರೆ 7 ಎನ್ನುತ್ತದೆ. ಕ, ಅರ್ಧಾಕ್ಷರದ ಚಿಹ್ನೆ, ಷ, ಗ, ದೀರ್ಘದ ಚಿಹ್ನೆ, ಹೀಗೆ ಒಂದೊಂದನ್ನೂ ಅದು ಬೇರೆ ಬೇರೆ ಎಣಿಸುತ್ತದೆ. ಹಾಗೇ ಬಿಡಿಸಿದರೆ ತೆರೆಯ ಮೇಲೆ ಒತ್ತಕ್ಷರ ಚೂರುಚೂರಾಗುತ್ತದೆ.

ಪರಿಹಾರ ಹತ್ತು ಹದಿನೈದು ಸಾಲಿನದ್ದು. ಪೈಥಾನ್ ಜೊತೆಗೇ ಯೂನಿಕೋಡ್‌ಡೇಟಾ ಎಂಬ ಲೈಬ್ರರಿ ಬರುತ್ತದೆ. ಒಂದೊಂದು ಚಿಹ್ನೆಯ ವರ್ಗ ಕೇಳಿ. ವರ್ಗ ಎಂ ಎಂಬ ಅಕ್ಷರದಿಂದ ಶುರುವಾದರೆ ಅದು ಗುಣಿತದ ಚಿಹ್ನೆಯೋ, ಸೊನ್ನೆಯೋ, ಅರ್ಧಾಕ್ಷರದ ಚಿಹ್ನೆಯೋ ಆಗಿರುತ್ತದೆ. ಅದನ್ನು ಹಿಂದಿನ ತುಂಡಿಗೆ ಸೇರಿಸಿ. ವ್ಯಂಜನ ಬಂದಾಗ ಹಿಂದಿನ ತುಂಡು ಅರ್ಧಾಕ್ಷರದ ಚಿಹ್ನೆಯಲ್ಲಿ ಮುಗಿದಿದ್ದರೆ ಇದನ್ನೂ ಅದಕ್ಕೇ ಸೇರಿಸಿ. ಇಲ್ಲವಾದರೆ ಹೊಸ ತುಂಡು. “ಸಾಫ್ಟ್‌ವೇರ್” ತರದ ಪದದ ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆ ತಡೆಯುವ ಚಿಹ್ನೆ ಇರುತ್ತದೆ. ಅದನ್ನು ಹಿಂದಿನ ತುಂಡಿಗೆ ಸೇರಿಸಿಬಿಟ್ಟರೆ ಉಳಿದದ್ದು ತಾನಾಗಿ ಸರಿಯಾಗುತ್ತದೆ.

ನುಡಿ, ಬರಹದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಮ್ಯಾಟರ್ ಕೊಟ್ಟರೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ. ಅದು ಒಳಗೆ ಇಂಗ್ಲಿಷ್ ಅಕ್ಷರಗಳ ರಾಶಿ. ಮೊದಲು ಯೂನಿಕೋಡ್‌ಗೆ ಬದಲಾಯಿಸಿ.

ಬ್ಲೆಂಡರ್‌ನ ಟೆಕ್ಸ್ಟ್ ಆಬ್ಜೆಕ್ಟ್‌ನಲ್ಲಿ ಒತ್ತಕ್ಷರ ಸರಿಯಾಗಿ ಕೂರದಿದ್ದರೆ ಅದರ ಜೊತೆ ಗುದ್ದಾಡಬೇಡಿ. ಇಂಕ್‌ಸ್ಕೇಪ್‌ನಲ್ಲಿ ಟೈಪ್ ಮಾಡಿ, ಪಾತ್ ಆಗಿ ಬದಲಾಯಿಸಿ, ಎಸ್‌ವಿಜಿಯಾಗಿ ಉಳಿಸಿ ಬ್ಲೆಂಡರ್‌ಗೆ ತನ್ನಿ. ಅಲ್ಲಿ ಕರ್ವ್ ಆಗಿ ಬರುತ್ತದೆ, ದಪ್ಪ ಕೊಡಲು ಸುಲಭ.

ಮಾಯಾ, ಹೂಡಿನಿ, ನ್ಯೂಕ್, ಆಫ್ಟರ್ ಎಫೆಕ್ಟ್ಸ್

ಮಾಯಾ 1998ರಲ್ಲಿ ಬಂದಾಗ ಅದರ ಭಾಷೆ ಮೆಲ್. ಪೈಥಾನ್ ಸೇರಿದ್ದು 2007ರ 8.5 ಆವೃತ್ತಿಯಲ್ಲಿ. ಹೊಸದಾಗಿ ಬರೆಯುವುದೆಲ್ಲ ಪೈಥಾನ್‌ನಲ್ಲೇ ಬರೆಯಿರಿ. ಆದರೆ ಮೆಲ್ ಓದಲು ಬರಬೇಕು, ಯಾಕೆಂದರೆ ನೀವು ಮಾಡಿದ ಕೆಲಸವನ್ನು ಸ್ಕ್ರಿಪ್ಟ್ ಎಡಿಟರ್ ಮೆಲ್‌ನಲ್ಲೇ ತೋರಿಸುತ್ತದೆ. ಆಜ್ಞೆಯ ಹೆಸರು ಎರಡರಲ್ಲೂ ಹೆಚ್ಚುಕಮ್ಮಿ ಒಂದೇ.

ಹೂಡಿನಿಯ ಜೀವ ಅದರದ್ದೇ ಭಾಷೆ ವೆಕ್ಸ್. ಕಲಿಕೆಗೆ ಅಪ್ರೆಂಟಿಸ್ ಆವೃತ್ತಿ ಉಚಿತ, ಆದರೆ ರೆಂಡರ್ ಮೇಲೆ ವಾಟರ್‌ಮಾರ್ಕ್ ಬರುತ್ತದೆ. ಒಂದು ಗ್ರಿಡ್ ಹಾಕಿ, ಅಟ್ರಿಬ್ಯೂಟ್ ರ‍್ಯಾಂಗಲ್ ನೋಡ್‌ನಲ್ಲಿ ಬಿಂದುವಿನ ಎತ್ತರಕ್ಕೆ ಎಕ್ಸ್‌ನ ಸೈನ್ ಕೊಡಿ, ಅದರೊಳಗೆ ಟೈಮ್ ಕೂಡಿಸಿ. ಪಣಂಬೂರಿನ ಅಲೆ ಅಲ್ಲದಿದ್ದರೂ ಅಲೆ ಎನ್ನುವಷ್ಟು ಬರುತ್ತದೆ. ಹುಲಿ ಪಟ್ಟೆ ಅರ್ಥವಾದವರಿಗೆ ವೆಕ್ಸ್ ಹೊಸತಲ್ಲ: ಅಲ್ಲಿ ಪಿಕ್ಸೆಲ್, ಇಲ್ಲಿ ಬಿಂದು.

ನ್ಯೂಕ್ ಫೈಲ್ ಒಳಗೆ ಇರುವುದು ಓದಬಹುದಾದ ಪಠ್ಯ. ಎರಡು ನೋಡ್ ಸೆಲೆಕ್ಟ್ ಮಾಡಿ ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ ನೋಡಿ, ನೋಡ್‌ಗಳು ಅಕ್ಷರವಾಗಿ ಬೀಳುತ್ತವೆ. ವಾಟ್ಸಾಪ್‌ನಲ್ಲಿ ಕಳಿಸಿ ಆ ಕಡೆಯವರು ತಿರುಗಿ ಪೇಸ್ಟ್ ಮಾಡಬಹುದು. ಫೈಲ್ ಕಳೆದುಕೊಂಡಾಗ ಇದು ಎಷ್ಟು ಜನರನ್ನು ಉಳಿಸಿದೆಯೋ. ಅದರ ಬೇರು ಟಿಸಿಎಲ್ ಭಾಷೆ. ಈಗಿನ ಕೆಲಸಕ್ಕೆ ಪೈಥಾನ್, ಪಿಕ್ಸೆಲ್ ಲೆಕ್ಕಕ್ಕೆ ಬ್ಲಿಂಕ್‌ಸ್ಕ್ರಿಪ್ಟ್.

ಆಫ್ಟರ್ ಎಫೆಕ್ಟ್ಸ್‌ನಲ್ಲಿ ಸ್ಟಾಪ್‌ವಾಚ್ ಮೇಲೆ ಆಲ್ಟ್ ಒತ್ತಿ ಕ್ಲಿಕ್ ಮಾಡಿ, ವಿಗಲ್ ಎಂದು ಬರೆದು ಆವರಣದೊಳಗೆ 2 ಮತ್ತು 30 ಕೊಡಿ. ಸೆಕೆಂಡಿಗೆ ಎರಡು ಸಲ, 30 ಪಿಕ್ಸೆಲ್‌ವರೆಗೆ ಅಲುಗಾಡುತ್ತದೆ. ಇದು ಜಾವಾಸ್ಕ್ರಿಪ್ಟ್. ಆದರೆ ಹೊರಗಿನಿಂದ ಓಡಿಸುವ ಎಕ್ಸ್‌ಟೆಂಡ್‌ಸ್ಕ್ರಿಪ್ಟ್ ತುಂಬ ಹಳೆಯ ಜಾವಾಸ್ಕ್ರಿಪ್ಟ್. ಆ್ಯರೋ ಫಂಕ್ಷನ್‌ನಂಥ ಹೊಸ ರೀತಿ ಅಲ್ಲಿ ನಡೆಯುವುದಿಲ್ಲ. ಎಐ ಬರೆದುಕೊಟ್ಟ ಕೋಡ್ ಅಲ್ಲಿ ಮುರಿದರೆ ಮೊದಲು ಇದನ್ನೇ ನೋಡಿ.

ಯಾವ ಪೈಥಾನ್?

ಪೈಥಾನ್ 2ರ ಕಾಲ 2020ರ ಜನವರಿ 1ಕ್ಕೆ ಮುಗಿಯಿತು. ಮಾಯಾ 2022ರಿಂದ ಪೈಥಾನ್ 3 ಮೊದಲ ಆಯ್ಕೆ. ಹಳೆಯ ಪಾಠಗಳಲ್ಲಿ ಪ್ರಿಂಟ್ ಎಂಬುದರ ಮುಂದೆ ಆವರಣ ಇಲ್ಲದಿದ್ದರೆ ಅದು ಪೈಥಾನ್ 2ರದ್ದು, ಬಿಟ್ಟುಬಿಡಿ.

ಇನ್ನೊಂದು ತೊಂದರೆ ಎಲ್ಲರಿಗೂ ಬರುತ್ತದೆ. ಪೈಥಾನ್ ಲೈಬ್ರರಿ ಇಳಿಸಿ ಕೂರಿಸುವ ಪಿಪ್ ಬಳಸಿ ಲೈಬ್ರರಿ ಹಾಕಿದ್ದೀರಿ, ಬ್ಲೆಂಡರ್ ಮಾತ್ರ ಇಲ್ಲ ಎನ್ನುತ್ತದೆ. ಕಾರಣ, ಬ್ಲೆಂಡರ್ ತನ್ನದೇ ಪೈಥಾನ್ ಇಟ್ಟುಕೊಂಡಿದೆ, ನೀವು ಹಾಕಿದ್ದು ವಿಂಡೋಸ್‌ನ ಪೈಥಾನ್‌ಗೆ. ಬ್ಲೆಂಡರ್ ಫೋಲ್ಡರ್ ಒಳಗಿನ ಪೈಥಾನ್‌ನಿಂದಲೇ ಪಿಪ್ ಓಡಿಸಿ. ಯಾವ ವರ್ಷ ಯಾವ ಆವೃತ್ತಿ ಎಂಬುದಕ್ಕೆ ವಿಎಫ್‌ಎಕ್ಸ್ ರೆಫರೆನ್ಸ್ ಪ್ಲಾಟ್‌ಫಾರ್ಮ್ ಎಂಬ ಪಟ್ಟಿ ಪ್ರತಿ ವರ್ಷ ಬರುತ್ತದೆ. 2024ರ ಪಟ್ಟಿಯಲ್ಲಿ ಪೈಥಾನ್ 3.11. ಸ್ಟುಡಿಯೋಗೆ ಟೂಲ್ ಬರೆಯುವವರು ಅದನ್ನೇ ಅನುಸರಿಸಿ.

ಸಿ ಪ್ಲಸ್ ಪ್ಲಸ್ ಯಾವಾಗ?

ನಿಮ್ಮ ಪೈಥಾನ್ ಸ್ಕ್ರಿಪ್ಟ್ ಸರಿಯಾಗಿದ್ದೂ ನಿಧಾನವಾದಾಗ. ಅಥವಾ ಇರುವ ಸಾಫ್ಟ್‌ವೇರ್ ಬಳಸುವುದಕ್ಕಿಂತ ಅದನ್ನು ಕಟ್ಟುವ ಆಸೆ ಹುಟ್ಟಿದಾಗ. ಅದಕ್ಕೆ ಮುಂಚೆ ಬೇಡ ಎಂಬುದು ನನ್ನ ಅಭಿಪ್ರಾಯ. ಕಂಪ್ಯೂಟರ್ ಸೈನ್ಸ್ ಓದುವವರ ಮಾತು ಬೇರೆ. ಸುರತ್ಕಲ್ ಎನ್‌ಐಟಿಕೆಯಲ್ಲೋ ಮಣಿಪಾಲದಲ್ಲೋ ಸಿ ಪ್ಲಸ್ ಪ್ಲಸ್ ಮೊದಲೇ ಕಲಿತವರು ಇಲ್ಲಿಂದಲೇ ಶುರು ಮಾಡಬಹುದು. ಅವರು ಕಲಿಯಬೇಕಾದ್ದು ರಿಗ್ (ಪಾತ್ರವನ್ನು ಆಡಿಸುವ ಒಳಗಿನ ಎಲುಬುಗೂಡು) ಎಂದರೇನು, ಕಲಾವಿದರು ಎಲ್ಲಿ ಕಷ್ಟಪಡುತ್ತಾರೆ ಎಂಬುದನ್ನು. ಅಂಥ ಒಬ್ಬ ಗೆಳೆಯ, ಒಬ್ಬ ಕಲಾವಿದೆ ಜೊತೆ ಸೇರಿದರೆ ಒಳ್ಳೆಯ ಟೂಲ್ ಹುಟ್ಟುತ್ತದೆ.

ಮೊದಲ ಯೋಜನೆಯಾಗಿ ಸಣ್ಣ ರೇ ಟ್ರೇಸರ್ (ಬೆಳಕಿನ ಕಿರಣದ ದಾರಿ ಹಿಡಿದು ಚಿತ್ರ ಮಾಡುವ ಪ್ರೋಗ್ರಾಮ್) ಬರೆಯಿರಿ. ಒಂದು ಗೋಲ, ಒಂದು ದೀಪ, ಒಂದು ನೆರಳು. ಕಿಟಕಿ ತೆರೆಯುವ ತಲೆನೋವೇ ಬೇಡ, ಪಿಪಿಎಂ ಫೈಲ್ ಬರೆಯಿರಿ. ಮೊದಲ ಸಾಲಿನಲ್ಲಿ ಪಿ3, ಎರಡನೆಯದರಲ್ಲಿ ಅಗಲ ಮತ್ತು ಎತ್ತರ, ಮೂರನೆಯದರಲ್ಲಿ 255, ಆಮೇಲೆ ಒಂದೊಂದು ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಎಂದು ಮೂರು ಸಂಖ್ಯೆ. ಗಿಂಪ್‌ನಲ್ಲಿ ತೆರೆಯುತ್ತದೆ. ಇದಕ್ಕೆ ಬೇಕಾದ ಗಣಿತ ವೆಕ್ಟರ್, ಅದರಲ್ಲೂ ಡಾಟ್ ಪ್ರಾಡಕ್ಟ್. ಮೇಲ್ಮೈ ಬೆಳಕಿನ ಕಡೆ ಎಷ್ಟು ಮುಖ ಮಾಡಿದೆ ಎಂದು ಅದೊಂದೇ ಲೆಕ್ಕ ಹೇಳುತ್ತದೆ.

ಅದಾದ ಮೇಲೆ ಬ್ಲೆಂಡರ್‌ನದೇ ಕೋಡ್ ಇಳಿಸಿ ಬಿಲ್ಡ್ ಮಾಡಿ. ಸಿ, ಸಿ ಪ್ಲಸ್ ಪ್ಲಸ್, ಪೈಥಾನ್ ಮೂರೂ ಅಲ್ಲಿ ಸಿಗುತ್ತವೆ. 2002ರಲ್ಲಿ ಜನರು ಒಂದು ಲಕ್ಷ ಯೂರೋ ಕೂಡಿಸಿ ಬಿಡಿಸಿಕೊಂಡ ಕೋಡ್ ಅದು. ಯಾರು ಬೇಕಾದರೂ ಓದಬಹುದು. ಹೊಸಬರಿಗೆಂದು ಗುಡ್ ಫಸ್ಟ್ ಇಶ್ಯೂ ಎಂದು ಗುರುತು ಮಾಡಿದ ಸಣ್ಣ ಕೆಲಸಗಳೂ ಅಲ್ಲಿರುತ್ತವೆ.

ಹೊರಗೆ ಇಡುವಾಗ

ಬರೆದದ್ದನ್ನು ಗಿಟ್‌ನಲ್ಲಿ (ಕೋಡ್‌ನ ಒಂದೊಂದು ಬದಲಾವಣೆಯನ್ನೂ ದಾಖಲಿಸುವ ವ್ಯವಸ್ಥೆಯಲ್ಲಿ) ಇಡಿ. ಜೊತೆಗೆ ಒಂದು ನಿಮಿಷದ ವಿಡಿಯೋ ಮಾಡಿ: ಈ ಕೆಲಸ ಕೈಯಲ್ಲಿ ಮಾಡಿದರೆ ಹೀಗೆ, ಸ್ಕ್ರಿಪ್ಟ್‌ನಲ್ಲಿ ಹೀಗೆ. ಟೆಕ್ನಿಕಲ್ ಆರ್ಟಿಸ್ಟ್ ಅಥವಾ ಪೈಪ್‌ಲೈನ್ ಕೆಲಸಕ್ಕೆ ಅರ್ಜಿ ಹಾಕುವಾಗ ಸರ್ಟಿಫಿಕೇಟ್‌ಗಿಂತ ಆ ವಿಡಿಯೋ ಜಾಸ್ತಿ ಮಾತಾಡುತ್ತದೆ. ಯಾವ ಆವೃತ್ತಿಯಲ್ಲಿ ಓಡಿಸಿ ನೋಡಿದ್ದೀರಿ ಎಂದು ರೀಡ್‌ಮಿಯಲ್ಲಿ ಬರೆಯಲು ಮರೆಯಬೇಡಿ.

ಲೈಸೆನ್ಸ್ ವಿಷಯವೂ ಉಂಟು. ಬ್ಲೆಂಡರ್ ಜಿಪಿಎಲ್ ಎಂಬ ಮುಕ್ತ ಸಾಫ್ಟ್‌ವೇರ್ ಲೈಸೆನ್ಸ್ ಅಡಿಯಲ್ಲಿದೆ. ಬಿಪಿವೈ ಬಳಸಿದ ಆ್ಯಡ್-ಆನ್ ಅನ್ನು ಹೊರಗೆ ಹಂಚುವುದಾದರೆ ಅದಕ್ಕೂ ಜಿಪಿಎಲ್‌ಗೆ ಹೊಂದುವ ಲೈಸೆನ್ಸ್ ಬೇಕು. ಅದನ್ನು ದುಡ್ಡಿಗೆ ಮಾರಬಾರದು ಎಂದೇನಿಲ್ಲ, ಧಾರಾಳವಾಗಿ ಮಾರಬಹುದು, ಕೊಂಡವರಿಗೆ ಕೋಡ್ ಕೊಡಬೇಕು ಅಷ್ಟೆ. ನಿಮ್ಮ ಅಂಗಡಿಯೊಳಗೇ ಬಳಸುವ ಸ್ಕ್ರಿಪ್ಟನ್ನು ಯಾರಿಗೂ ಕೊಡಬೇಕಿಲ್ಲ. ಬ್ಲೆಂಡರ್‌ನಲ್ಲಿ ನೀವು ಮಾಡಿದ ಕಿರೀಟ, ಹುಲಿ, ಸಿನಿಮಾ ಇವಕ್ಕೆ ಈ ಲೈಸೆನ್ಸ್ ತಗಲುವುದೇ ಇಲ್ಲ. ಅವು ಪೂರ್ತಿ ನಿಮ್ಮವು.